ಮೂರನೆಯ ಟ್ಯಾಂಕಿನ ಎಣ್ಣೆ

ಫೆಬ್ರವರಿ 6
ಪ್ರಯೋಗಾಲಯ, ಎರಡನೆಯ ಮಹಡಿ. ಊಟದ ವಿರಾಮ, ಕೋಣೆಯಲ್ಲಿ ಬೇರೆ ಯಾರೂ ಇಲ್ಲ.

ಎಣ್ಣೆ ಮಿಲ್ಲಿನ ಮಾಲೀಕರಿಗೆ,

ಇಪ್ಪತ್ತು ಲೀಟರ್ ಸೂರ್ಯಕಾಂತಿ ಎಣ್ಣೆ ಬೇಕಾಗಿದೆ. ಹೊಸದಾಗಿ ಹಿಂಡಿದ್ದು, ಏನನ್ನೂ ಬೆರೆಸದ್ದು. ಡಬ್ಬದ ಹಿಡಿಗೆ ಎಂದಿನಂತೆ ಚೀಟಿ ಇರಲಿ: ಹಿಂಡಿದ ತಾರೀಖು, ಟ್ಯಾಂಕಿನ ಸಂಖ್ಯೆ, ಮಾಲೀಕರ ಸಹಿ.

ಇಷ್ಟಕ್ಕೇ ನಿಲ್ಲಿಸಬೇಕೆಂದಿದ್ದೆ. ಆದರೆ ಅಕ್ಕ, ಯಾಕೆ ಏನು ಎಂದು ಹೇಳದೆ ಕೇಳಿದರೆ ನೀನು ಒಂದು ತೊಟ್ಟೂ ಕೊಡುವವಳಲ್ಲ. ಮೂರು ವರ್ಷದ ಮೇಲೆ ಬರೆಯುತ್ತಿದ್ದೇನೆ. ಫೋನ್ ಮಾಡಬಹುದಿತ್ತು, ಫೋನಿನಲ್ಲಿ ನಮ್ಮ ಮಾತು ಎಷ್ಟು ಹೊತ್ತು ನಡೆಯುತ್ತದೆ ಎಂಬುದು ಇಬ್ಬರಿಗೂ ಗೊತ್ತು.

ಇಲ್ಲಿ ನನ್ನ ಕೆಲಸ ಎಣ್ಣೆಯನ್ನು ಡೀಸೆಲ್ ಮಾಡುವುದು. ಮಾಮೂಲಿ ವಿಧಾನದಲ್ಲಿ ಎಣ್ಣೆಗೆ ಮೆಥನಾಲ್ ಎಂಬ ಸ್ಪಿರಿಟ್ಟನ್ನೂ ಕಾಸ್ಟಿಕ್ ಸೋಡವನ್ನೂ ಬೆರೆಸಿ ಕಾಯಿಸುತ್ತಾರೆ. ಎಣ್ಣೆ ಹಳೆಯದಾಗಿದ್ದರೆ ಎಷ್ಟೋ ಪಾಲು ಸಾಬೂನಾಗಿ ಕೂರುತ್ತದೆ. ನಾವು ಸೋಡದ ಬದಲು ಕಿಣ್ವ ಬಳಸುತ್ತೇವೆ. ಊಟದ ಜಿಡ್ಡನ್ನು ಹೊಟ್ಟೆಯಲ್ಲಿ ಕತ್ತರಿಸುವುದೂ ಇದೇ ಜಾತಿಯ ವಸ್ತು. ಹಾಗೇ ಸುರಿದರೆ ಅದು ಎಣ್ಣೆಯ ಜತೆಗೇ ಹೊರಟುಹೋಗುತ್ತದೆ. ಆದ್ದರಿಂದ ಸಾಸಿವೆ ಗಾತ್ರದ ಬಿಳಿ ಮಣಿಗಳಿಗೆ ಅದನ್ನು ಅಂಟಿಸಿ, ಮಣಿಗಳನ್ನು ಮೊಳದುದ್ದದ ಗಾಜಿನ ಕೊಳವೆಗೆ ತುಂಬಿದ್ದೇವೆ. ಮೇಲಿನಿಂದ ಎಣ್ಣೆ ಮತ್ತು ಸ್ಪಿರಿಟ್ ಹೋಗುತ್ತದೆ. ಕೆಳಗಿನಿಂದ ಡೀಸೆಲ್ ಮತ್ತು ಗ್ಲಿಸರಿನ್ ಬರುತ್ತದೆ. ಮಣಿ ಇದ್ದಲ್ಲೇ ಇದ್ದು ಮರುದಿನ ಮತ್ತೆ ದುಡಿಯುತ್ತದೆ.

ಎಷ್ಟು ದಿನ ದುಡಿಯುತ್ತದೆ ಎಂಬುದೇ ನನ್ನ ಪ್ರಶ್ನೆ. ದಿನಕ್ಕೊಂದು ಸುತ್ತು. ನೂರರಲ್ಲಿ ತೊಂಬತ್ತು ಪಾಲು ಎಣ್ಣೆ ಡೀಸೆಲ್ ಆದರೆ ಆ ಸುತ್ತು ಪಾಸು. ಪೂರ್ತಿ ಶುದ್ಧ ಮಾಡಿದ ಎಣ್ಣೆಯಲ್ಲಿ ಯಾರು ಬೇಕಾದರೂ ಮಾಡಿ ತೋರಿಸುತ್ತಾರೆ. ಮಿಲ್ಲಿನಿಂದ ಬಂದ ಹಸಿ ಎಣ್ಣೆಯಲ್ಲಿ ಮೂವತ್ತು ಸುತ್ತು ದಾಟಬೇಕು. ದಾಟದಿದ್ದರೆ ಅಕ್ಟೋಬರಿನಲ್ಲಿ ಸಮಿತಿಯವರು ಬಂದು ಕೊಳವೆಯನ್ನೂ ನನ್ನನ್ನೂ ಒಟ್ಟಿಗೆ ಎತ್ತಿಬಿಡುತ್ತಾರೆ. ಬೇರೆ ಮಿಲ್ಲುಗಳ ಎಣ್ಣೆಯಲ್ಲಿ ಹನ್ನೆರಡು ದಾಟಿಲ್ಲ; ಅವರು ಏನೋ ಬೆರೆಸುತ್ತಾರೆ ಎಂಬುದು ನಮ್ಮ ಅನುಮಾನ.

ನಮ್ಮ ಮೇಡಂ (ಪ್ರತಿ ಮಾತನ್ನೂ ತೂಗುವುದರಿಂದ ಇಲ್ಲಿ ಅವರಿಗೆ ತಕ್ಕಡಿ ಎಂದೇ ಹೆಸರು) ನಂಬಿಕೆಯ ಮಿಲ್ ಯಾವುದಾದರೂ ಗೊತ್ತೇ ಎಂದು ಕೇಳಿದರು. ಒಂದು ಗೊತ್ತು ಎಂದೆ.

ತಮ್ಮ


ಫೆಬ್ರವರಿ 19
ಮಿಲ್, ಮಧ್ಯಾಹ್ನ. ಬೆಲ್ಟಿನ ಪಟ್ಟಿ ಕಿತ್ತುಹೋಗಿ ಯಂತ್ರ ನಿಂತಿದೆ. ಅದಕ್ಕೇ ಬರೆಯಲು ಬಿಡುವು.

ಶೀಷೆಗೆ,

ಚಿಕ್ಕಂದಿನಲ್ಲಿ ಖಾಲಿ ಶೀಷೆಗಳನ್ನು ಮಂಚದ ಕೆಳಗೆ ಜೋಡಿಸುತ್ತಿದ್ದವನು ಈಗ ಸಂಬಳ ತೆಗೆದುಕೊಂಡು ಅದನ್ನೇ ಮಾಡುತ್ತಿದ್ದೀಯ. ಸಂತೋಷ.

ನಿನ್ನ ಪತ್ರವನ್ನು ಫಿಟ್ಟರ್ ಕೈಗೆ ಕೊಟ್ಟೆ. ಮೊದಲ ಸಾಲು ಓದಿ, "ಯಾರಮ್ಮಾ ಇವ್ರು, ಸರ್ಕಾರದವ್ರಾ?" ಅಂದ. "ನನ್ ತಮ್ಮ ಕಣೋ" ಅಂದೆ. "ಓ, ಹಾಗಾದ್ರೆ ಸರ್ಕಾರಕ್ಕಿಂತ ಕಷ್ಟ" ಅಂದು ಪಟ್ಟಿ ಹೊಲಿಯಲು ಹೋದ.

ಮಂಗಳವಾರದ ವ್ಯಾನಿನಲ್ಲಿ ಡಬ್ಬ ಕಳಿಸುತ್ತಿದ್ದೇನೆ. ಚೀಟಿ ಹಿಡಿಗೆ ಕಟ್ಟಿದೆ, ಈ ಪತ್ರವೂ ಅದರ ಜತೆಗೇ. ಎಣ್ಣೆ ಹೇಗಿದೆ ಎಂದು ಮಾತ್ರ ಕೇಳಬೇಡ. ಸುಡುವುದಕ್ಕೆ ತಾನೇ.

ಈಗ ನನ್ನ ಪ್ರಶ್ನೆಗಳು. ಮಣಿಗೆ ಸುಸ್ತಾಗುವುದು ಎಂದರೆ ಏನು? ಸವೆಯುತ್ತದೆಯೋ, ಸಾಯುತ್ತದೆಯೋ, ಮುನಿಸಿಕೊಳ್ಳುತ್ತದೆಯೋ? ಸ್ಪಿರಿಟ್ ಒಟ್ಟಿಗೆ ಹೊಯ್ಯುತ್ತೀರೋ, ಹನಿಹನಿಯಾಗಿಯೋ? ಗ್ಲಿಸರಿನ್ ದಪ್ಪವಲ್ಲವೇ, ಮಣಿಗಳ ನಡುವೆ ಸಿಕ್ಕಿಹಾಕಿಕೊಳ್ಳುವುದಿಲ್ಲವೇ? ನನ್ನ ಹತ್ತನೇ ಕ್ಲಾಸಿನ ರಸಾಯನ ಪುಸ್ತಕ ಇನ್ನೂ ಇಲ್ಲೇ ಮೇಜಿನ ಖಾನೆಯಲ್ಲಿದೆ. ಅದರಲ್ಲಿ ಸಾಬೂನಿನವರೆಗೆ ಇದೆ. ಮುಂದಿನದು ಹನ್ನೊಂದನೇ ಕ್ಲಾಸಿನ ಪುಸ್ತಕದಲ್ಲಿ ಇದ್ದಿರಬೇಕು.

ಮಾಲೀಕಳು


ಏಪ್ರಿಲ್ 30
ಪ್ರಯೋಗಾಲಯ, ಸಂಜೆ. ಎಲ್ಲರೂ ಇನ್ನೂ ಇಲ್ಲೇ ಇದ್ದಾರೆ, ಗದ್ದಲ ಮಾಡುತ್ತಿದ್ದಾರೆ.

ಅಕ್ಕ,

ನಲವತ್ತೊಂದು.

ನಿನ್ನ ಒಂದೇ ಡಬ್ಬದಲ್ಲಿ ನಲವತ್ತೊಂದು ಸುತ್ತು. ನಲವತ್ತೆರಡರಲ್ಲಿ ಎಂಬತ್ತೆಂಟು ಪಾಲಿಗೆ ಇಳಿಯಿತು, ಅಲ್ಲಿಗೆ ಎಣಿಕೆ ನಿಲ್ಲಿಸಿದೆ. ತಕ್ಕಡಿ ಮೇಡಂ ನನ್ನ ಪುಸ್ತಕವನ್ನು ಹಿಂದಿನಿಂದ ಮುಂದಕ್ಕೂ ಮುಂದಿನಿಂದ ಹಿಂದಕ್ಕೂ ಓದಿ, "ಪರವಾಗಿಲ್ಲವೇ" ಎಂದರು. ಅವರ ಬಾಯಲ್ಲಿ ಇದು ಮೆರವಣಿಗೆಗೆ ಸಮ. ಹೊಸ ಹಸಿ ಎಣ್ಣೆಯನ್ನು ಯಾವ ಶುದ್ಧಿಯೂ ಇಲ್ಲದೆ ನೇರವಾಗಿ ಬಳಸಬಹುದು ಎಂದು ವರದಿ ಕಳಿಸಿದ್ದೇವೆ. ಅದನ್ನು ನೋಡಿ ಇನ್ನೊಂದು ಊರಿನ ಮಿಲ್ಲಿನವರು ತಮ್ಮಲ್ಲೂ ಇಂಥ ಕೊಳವೆ ಕೂರಿಸಬೇಕೆಂದು ಓಡಾಡುತ್ತಿದ್ದಾರಂತೆ.

ನಿನ್ನ ಪ್ರಶ್ನೆಗಳಿಗೆ ಉತ್ತರ. ಸ್ಪಿರಿಟ್ಟನ್ನು ಮೂರು ಪಾಲು ಮಾಡಿ ಕೊಡುತ್ತೇವೆ. ಒಟ್ಟಿಗೆ ಕೊಟ್ಟರೆ ಕಿಣ್ವ ಸತ್ತೇಹೋಗುತ್ತದೆ. ಗ್ಲಿಸರಿನ್ ಸಿಕ್ಕಿಹಾಕಿಕೊಳ್ಳುತ್ತದೆ, ನೀನು ಹೇಳಿದ ಹಾಗೆಯೇ, ವಾರಕ್ಕೊಮ್ಮೆ ತೊಳೆಯುತ್ತೇವೆ. ಇದನ್ನು ಕಂಡುಕೊಳ್ಳಲು ನನಗೆ ನಾಲ್ಕು ತಿಂಗಳು ಹಿಡಿದಿತ್ತು. ನಿನಗೆ ಪಟ್ಟಿ ಹೊಲಿಯುವಷ್ಟು ಹೊತ್ತು. ಮುನಿಸಿನ ವಿಷಯ ಇನ್ನೂ ಗೊತ್ತಾಗಿಲ್ಲ.

ಡಬ್ಬದ ಮುಚ್ಚಳ ತೆಗೆದಾಗ ಮಿಲ್ಲಿನ ವಾಸನೆ ಬಂತು. ಸ್ವಲ್ಪ ಹೊತ್ತು ತೆರೆದೇ ಇಟ್ಟಿದ್ದೆ.

ಅಕ್ಟೋಬರ್ 20ಕ್ಕೆ ಸಮಿತಿ ಬರುತ್ತದೆ. ಅಷ್ಟರಲ್ಲಿ ಇದನ್ನೇ ಮತ್ತೊಮ್ಮೆ ಮಾಡಿ ತೋರಿಸಬೇಕು. ಅಂಥದೇ ಇನ್ನೆರಡು ಡಬ್ಬ ಬೇಕು.

ತಮ್ಮ


ಮೇ 12
ಮಿಲ್. ಯಂತ್ರ ನಡೆಯುತ್ತಿದೆ, ಅಕ್ಷರ ಕುಣಿದರೆ ಅದರದೇ ತಪ್ಪು.

ಶೀಷೆಗೆ,

ನಲವತ್ತೊಂದು ಎಂಬುದನ್ನು ಮೂರು ಸಲ ಓದಿದೆ. ಫಿಟ್ಟರ್‌ಗೂ ಓದಿ ಹೇಳಿದೆ. ಅವನು ಏನೋ ಹೇಳಲು ಬಾಯಿ ತೆರೆದ, ನಾನು ಕಣ್ಣು ಬಿಟ್ಟೆ, ಮುಚ್ಚಿದ.

ಎರಡು ಡಬ್ಬ ಬರುತ್ತಿವೆ. ಈ ಸಲ ಬೀಜವನ್ನು ನಾನೇ ಆರಿಸಿದ್ದೇನೆ. ಒಂದು ಕಲ್ಲಿಲ್ಲ, ಒಂದು ಜೊಳ್ಳಿಲ್ಲ. ಹಿಂಡಿ, ದಪ್ಪ ಬಟ್ಟೆಯಲ್ಲಿ ಎರಡು ಸಲ ಸೋಸಿದ್ದೇನೆ. ಡಬ್ಬವನ್ನು ಬಿಸಿಲಲ್ಲಿ ಒಣಗಿಸಿ ಒಳಗೆ ಕೈಯಾಡಿಸಿ ನೋಡಿದ್ದೇನೆ. ದೀಪಕ್ಕೆ ಹಿಡಿದರೆ ಆಚೆಯ ಗೋಡೆಯ ಬಿರುಕು ಕಾಣಬೇಕು, ಅಂಥ ಎಣ್ಣೆ. ಈ ಮಿಲ್ಲಿನಲ್ಲಿ ಇದಕ್ಕಿಂತ ಒಳ್ಳೆಯದನ್ನು ಅಪ್ಪನೂ ತೆಗೆದಿಲ್ಲ.

ನಿನ್ನ ಮಣಿಗಳು ಇನ್ನು ನೂರು ಸುತ್ತು ಓಡಲಿ.

ಅಕ್ಕ


ಜೂನ್ 17
ಪ್ರಯೋಗಾಲಯ, ಬೆಳಗ್ಗೆ.

ಅಕ್ಕ,

ಒಂಬತ್ತನೆಯ ಸುತ್ತಿಗೆ ನಿಂತಿತು.

ನನ್ನ ತಪ್ಪೇ ಇರಬೇಕು. ಥರ್ಮಾಮೀಟರ್ ಬದಲಿಸಿ ನೋಡಿದೆ. ಸ್ಪಿರಿಟ್ಟಿನ ಹೊಸ ಕ್ಯಾನ್ ಒಡೆದೆ. ಮಣಿಗಳು ಹಿಂದಿನ ಪೊಟ್ಟಣದವೇ. ಕೊಳವೆ ಬಿಚ್ಚಿದಾಗ ಅವು ಉದುರಲಿಲ್ಲ. ಒಂದಕ್ಕೊಂದು ಕಚ್ಚಿಕೊಂಡು ಬತ್ತಿಯ ಹಾಗೆ ಹೊರಗೆ ಬಂದವು. ಬೆರಳಿನಲ್ಲಿ ಉಜ್ಜಿದರೆ ಜಾರುತ್ತಿದ್ದವು. ಎಣ್ಣೆಯ ಜಾರಿಕೆ ಅಲ್ಲ, ಬೇರೆ.

ಎರಡೂ ಸಲದ ಚೀಟಿ ಪಕ್ಕಪಕ್ಕ ಇಟ್ಟು ನೋಡಿದೆ. ಫೆಬ್ರವರಿಯದು ಒಂದನೆಯ ಟ್ಯಾಂಕ್, ಹಿಂಡಿ ಎರಡು ದಿನ. ಮೇ ತಿಂಗಳದೂ ಒಂದನೆಯ ಟ್ಯಾಂಕ್, ಹಿಂಡಿ ಎರಡು ದಿನ. ವ್ಯತ್ಯಾಸ ಕಾಣುವುದಿಲ್ಲ. ನಿನಗೆ ಏನಾದರೂ ಹೊಳೆಯುತ್ತದೆಯೇ?

ತಮ್ಮ


ಜುಲೈ 3
ಮಿಲ್.

ಶೀಷೆಗೆ,

ಇನ್ನೊಂದು ಡಬ್ಬ ಕಳಿಸಿದ್ದೇನೆ. ಮೂರು ಸಲ ಸೋಸಿದ್ದು. ಇದರಲ್ಲಿ ನೋಡು.

ಅಕ್ಕ


ಆಗಸ್ಟ್ 2
ಪ್ರಯೋಗಾಲಯದ ಮೆಟ್ಟಿಲು. ಒಳಗೆ ಕೂತು ಬರೆಯಲು ಮನಸ್ಸಿಲ್ಲ.

ಅಕ್ಕ,

ಆರು.

ತಕ್ಕಡಿ ಮೇಡಂ ಇವತ್ತು ಬಾಗಿಲು ಹಾಕಿಕೊಂಡು ಕೇಳಿದರು. "ಒಂದು ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ನಲವತ್ತೊಂದೂ ನೀವೇ ಎಣಿಸಿದ್ರಾ?" ಎಣಿಸಿದೆ ಎಂದೆ. "ಮಧ್ಯೆ ಯಾವತ್ತಾದ್ರೂ ಹೊಸ ಮಣಿ ಹಾಕಿದ್ರಾ, ಮರೆತು?" ಇಲ್ಲ ಎಂದೆ. ನನ್ನನ್ನೇ ನೋಡಿದರು. "ಹಾಗಾದ್ರೆ ಆ ಎಣ್ಣೆ ಏನು ಅಂತ ಹೇಳಿ. ಎಣ್ಣೆಯನ್ನೇ ನಾವು ಕೇಳೇ ಇಲ್ಲವಲ್ಲ."

ಅವರು ಹೇಳಿದ್ದು ಸರಿ. ಡಬ್ಬ ಬಂದ ತಕ್ಷಣ ಆಮ್ಲ ಎಷ್ಟು, ತೇವ ಎಷ್ಟು, ಅಂಟು ಎಷ್ಟು ಎಂದು ಪರೀಕ್ಷಿಸಿ ಪುಸ್ತಕದಲ್ಲಿ ಬರೆಯಬೇಕು. ಬೇರೆ ಮಿಲ್ಲುಗಳ ಎಣ್ಣೆಗೆಲ್ಲ ಮಾಡಿದ್ದೇನೆ. ನಿನ್ನ ಡಬ್ಬಕ್ಕೆ ಮಾಡಲಿಲ್ಲ. ಚೀಟಿ ನೋಡಿ 'ಸರಿಯಿದೆ' ಎಂದು ಗುರುತು ಹಾಕಿದೆ. ನಮ್ಮ ಮಿಲ್ಲಿನ ಚೀಟಿ ಇರುವ ಡಬ್ಬವನ್ನು ಪರೀಕ್ಷೆ ಮಾಡುವುದೆಂದರೆ ಅಪ್ಪನ ಬೆನ್ನ ಹಿಂದೆ ಏನೋ ಮಾಡಿದ ಹಾಗೆ ಅನ್ನಿಸಿತು. ನೆನಪಿದೆಯಾ, ತಾರೀಖು ಒಂದು ದಿನ ತಪ್ಪಿತೆಂದು ಅಪ್ಪ ನೂರಿಪ್ಪತ್ತು ಚೀಟಿಗಳನ್ನು ಹರಿದು ನಮ್ಮಿಬ್ಬರ ಕೈಯಲ್ಲಿ ಮತ್ತೆ ಬರೆಸಿದ್ದು?

ಫೆಬ್ರವರಿಯ ಎಣ್ಣೆ ಒಂದು ಪುಟ್ಟ ಶೀಷೆಯಷ್ಟು ಉಳಿದಿದೆ. ಪರೀಕ್ಷೆಗೆ ಕೊಡುವ ಮೊದಲು ನಿನ್ನನ್ನು ಕೇಳುತ್ತಿದ್ದೇನೆ.

ತಮ್ಮ


ಆಗಸ್ಟ್ 14
ಮಿಲ್. ಯಂತ್ರ ನಿಲ್ಲಿಸಿದ್ದೇನೆ, ನಾನೇ.

ತಮ್ಮ,

ಆ ಚೀಟಿ ಸುಳ್ಳು.

ಫೆಬ್ರವರಿಯ ಎಣ್ಣೆ ಒಂದನೆಯ ಟ್ಯಾಂಕಿನದಲ್ಲ, ಮೂರನೆಯದರದು. ಎರಡು ದಿನದ್ದಲ್ಲ, ಮೂರು ವರ್ಷದ್ದು. ಅಪ್ಪ ಕೊನೆಯ ಸಲ ನಿಂತು ಹಿಂಡಿಸಿದ್ದು. ಟ್ಯಾಂಕ್ ತುಂಬಿದ ಮೂರನೆಯ ದಿನ ಅವರು ಹೋದರು. ನೀನು ಬಂದೆ, ನಾಲ್ಕು ದಿನ ಇದ್ದೆ, "ಮಿಲ್ ಮುಚ್ಚಿಬಿಡಕ್ಕಾ" ಅಂದೆ; ನಾನು ಬಾಗಿಲು ತೋರಿಸಿದೆ. ಆಮೇಲೆ ಆ ಟ್ಯಾಂಕಿಗೆ ಬೀಗ ಹಾಕಿದೆ. ಮಾರಲು ಕೈ ಬರಲಿಲ್ಲ, ಚೆಲ್ಲಲೂ ಬರಲಿಲ್ಲ. ಗಾಳಿಗೆ ಮೇಲಿನ ತಗಡು ಹಾರಿತು. ಫಿಟ್ಟರ್ ಎರಡು ಸಲ ಹೇಳಿದ, "ಅಮ್ಮಾ, ಮಳೆ ಒಳಗೇ ಬೀಳ್ತಾ ಇದೆ." ಬೀಳಲಿ ಅಂದೆ.

ನಿನ್ನ ಪತ್ರ ಬಂದಾಗ ಸಿಟ್ಟು ಬಂತು. ಮೂರು ವರ್ಷದ ಮೇಲೆ ಎಣ್ಣೆ ಬೇಕಂತೆ, ಅದೂ ಸುಡುವುದಕ್ಕೆ. ಸುಡುವುದಾದರೆ ಇದನ್ನೇ ಸುಡಲಿ, ಅವನ ಪಾಲೂ ಇದರಲ್ಲಿದೆ ಅಂದುಕೊಂಡೆ. ನಲ್ಲಿ ತಿರುಗಿಸಿ ಡಬ್ಬ ತುಂಬಿದೆ. ಚೀಟಿ ಬರೆಯುವಾಗ ಮಾತ್ರ ನಿಜವಾದ ತಾರೀಖು ಬರೆಯಲಾಗಲಿಲ್ಲ. ಈ ಮಿಲ್ಲಿನಿಂದ ಕಮಟು ಎಣ್ಣೆ ಹೊರಗೆ ಹೋಯಿತು ಎಂದು ನನ್ನ ಕೈಯಲ್ಲೇ ಬರೆಯುವುದು ಹೇಗೆ? ನೀನು ವಾಸನೆ ಹಿಡಿದು ಬೈದು ಬರೆಯುತ್ತೀಯ ಎಂದು ಕಾದಿದ್ದೆ. ನೀನು ಅದನ್ನು ಮಿಲ್ಲಿನ ವಾಸನೆ ಅಂದೆ.

ಕೆಟ್ಟದ್ದರಲ್ಲೇ ನಲವತ್ತೊಂದಾದರೆ ಒಳ್ಳೆಯದರಲ್ಲಿ ಎಷ್ಟಾದೀತು ಎಂದು, ಮಾಡಿದ ತಪ್ಪು ಸರಿಯಾಗಲಿ ಎಂದು, ಮೇ ತಿಂಗಳಲ್ಲಿ ಬೀಜ ಆರಿಸುತ್ತಾ ಕೂತೆ. ಅದೇ ನಿನ್ನ ಮಣಿಗಳನ್ನು ಕೊಂದಿತು. ಇದು ಯಾವ ನ್ಯಾಯ, ನನಗೆ ತಿಳಿಯಲಿಲ್ಲ. ತಿಳಿಯದೆ ಇರಲೂ ಆಗಲಿಲ್ಲ. ನಿನ್ನೆ ಏಣಿ ಹಾಕಿ ಮೂರನೆಯ ಟ್ಯಾಂಕಿನೊಳಗೆ ಇಳಿಬಿಟ್ಟ ಕೋಲಿನಿಂದ ತಳ ಕೆದಕಿದೆ. ಕೋಲಿಗೆ ಗೇಣುದ್ದ ಲೋಳೆ ಅಂಟಿ ಬಂತು, ಕಂದು ಬಣ್ಣ, ಬೆರಳಿಗೆ ಹಿಡಿದರೆ ಜಾರುತ್ತದೆ. ಎಣ್ಣೆಯ ಜಾರಿಕೆ ಅಲ್ಲ, ಬೇರೆ. ನಿನ್ನದೇ ಮಾತು. ನಲ್ಲಿ ಆ ಲೋಳೆಗಿಂತ ಮೇಲಿದೆ. ಒಂದನೆಯ ಟ್ಯಾಂಕಿನ ತಳದಲ್ಲಿ ಇಂಥದ್ದು ಏನೂ ಇಲ್ಲ. ಅಂದರೆ ಅದರ ಲೋಳೆ ಎಲ್ಲಿಗೆ ಹೋಯಿತು? ಎಣ್ಣೆಯೊಳಗೇ ಇದೆಯಾ?

ನೀನು ಪರೀಕ್ಷೆ ಮಾಡಿಸು. ಆದರೆ ಚೀಟಿಯ ವಿಷಯ ನಮ್ಮಿಬ್ಬರಲ್ಲೇ ಇರಲಿ.

ಅಕ್ಕ


ಆಗಸ್ಟ್ 25
ಪ್ರಯೋಗಾಲಯ.

ಅಕ್ಕ,

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಅಪ್ಪನ ಕಡೆಯಿಂದ. ಅದರ ಬಗ್ಗೆ ಈಗ ಬರೆಯಲಾರೆ. ಎರಡನೆಯ ಸಲ ಲೋಳೆಯ ಕಡೆಯಿಂದ, ಕುರ್ಚಿಯಿಂದ ಎದ್ದುಬಿಟ್ಟೆ.

ಎಣ್ಣೆಯೊಳಗೇ ಇದೆ. ನೀನು ಕಂಡ ಲೋಳೆಯೇ ಅಂಟು; ಹೊಸ ಎಣ್ಣೆಯಲ್ಲಿ ಅದು ಕರಗಿಕೊಂಡಿರುತ್ತದೆ. ಕರಗಿದ್ದನ್ನು ಬಟ್ಟೆ ಹಿಡಿಯುವುದಿಲ್ಲ, ಎಷ್ಟು ಸಲ ಸೋಸಿದರೂ ಅಷ್ಟೇ. ಆದರೆ ನೀರು ಕುಡಿದರೆ ಅದು ಉಬ್ಬುತ್ತದೆ, ಎಣ್ಣೆಯಲ್ಲಿ ನಿಲ್ಲಲಾರದೆ ತಳಕ್ಕಿಳಿಯುತ್ತದೆ. ಹಾರಿಹೋದ ತಗಡಿನಿಂದ ಬಿದ್ದ ಮಳೆ ಮೂರು ವರ್ಷ ಆ ಕೆಲಸ ಮಾಡಿದೆ. ಮೇ ತಿಂಗಳ ಎಣ್ಣೆಯಲ್ಲಿ ಅಂಟು ಮಣಿಗಳ ಮೈಗೆ ಮೆತ್ತಿ ಕಿಣ್ವದ ಬಾಯಿ ಮುಚ್ಚಿತು. ಪುಟ್ಟ ಶೀಷೆಯ ಎಣ್ಣೆ ಪರೀಕ್ಷೆ ಮಾಡಿದೆ: ಅಂಟು ಇಲ್ಲವೇ ಇಲ್ಲ. ಆಮ್ಲ ಬೇಕಾದಷ್ಟಿದೆ, ಸೋಡಕ್ಕೆ ಅದು ವಿಷ, ಕಿಣ್ವಕ್ಕೆ ಏನೂ ಅಲ್ಲ, ಅದನ್ನೂ ಡೀಸೆಲ್ ಮಾಡುತ್ತದೆ. ಚೂರು ತೇವವೂ ಇದೆ, ಅದೂ ಅದಕ್ಕೆ ಬೇಕು. ಅಂಟಿನ ವಿಷಯ ಪುಸ್ತಕಗಳಲ್ಲಿದೆ, ನಾನು ಓದಿದ್ದೆ. ನಿನ್ನ 'ಹೊಸ' ಎಣ್ಣೆ ನಲವತ್ತೊಂದು ಓಡಿದ್ದರಿಂದ, ಸೂರ್ಯಕಾಂತಿಯಲ್ಲಿ ಅಂಟಿನ ಕಾಟವಿಲ್ಲ ಎಂದು ನಾವೇ ಬರೆದುಬಿಟ್ಟೆವು.

ಒಂದು ಕೆಲಸ ಮಾಡುತ್ತೀಯಾ? ಹೊಸ ಎಣ್ಣೆಯನ್ನು ಗಾಜಿನ ಜಾಡಿಗೆ ಹಾಕು. ಕೈ ತಾಳದಷ್ಟು ಬಿಸಿ ಮಾಡು. ಲೀಟರಿಗೆ ಎರಡು ಚಮಚ ಬಿಸಿನೀರು ಹಾಕಿ ಮೆಲ್ಲಗೆ ಕಲಕಿ ಬಿಡು. ಏನಾಗುತ್ತದೆ ನೋಡು.

ಇನ್ನು ಚೀಟಿ. ಅಕ್ಕ, ಅದು ನಮ್ಮಿಬ್ಬರಲ್ಲೇ ಇರಲು ಆಗದು. ಶುದ್ಧಿ ಬೇಡ ಎಂಬ ನಮ್ಮ ವರದಿ ನಂಬಿ ಆ ಇನ್ನೊಂದು ಮಿಲ್ಲಿನವರು ಕೊಳವೆ ಕೂರಿಸಿದರೆ ಒಂಬತ್ತನೆಯ ದಿನ ಅವರ ಮಣಿಗಳೂ ಬತ್ತಿಯಾಗುತ್ತವೆ. ನಿಜ ಹೇಳಿದರೆ ನನ್ನ ಕೆಲಸ ಹೋಗಬಹುದು, ಅದು ನನ್ನ ಪಾಡು, ಪರೀಕ್ಷೆ ಮಾಡದೆ ಗುರುತು ಹಾಕಿದವನು ನಾನೇ. ಆದರೆ ಹೇಳಿದರೆ ನಿನ್ನ ಸಹಿಯೂ ಮೇಜಿನ ಮೇಲೆ ಬೀಳುತ್ತದೆ. ನೀನು ಒಪ್ಪದೆ ನಾನು ಹೇಳುವುದಿಲ್ಲ. ಸುಮ್ಮನಿರುವುದೂ ನನ್ನಿಂದ ಸಾಧ್ಯವಿಲ್ಲ. ಇಷ್ಟರಲ್ಲಿದ್ದೇನೆ.

ತಮ್ಮ


ಅಕ್ಟೋಬರ್ 3
ಪ್ರಯೋಗಾಲಯ.

ಅಕ್ಕ,

ಸೆಪ್ಟೆಂಬರ್ 8ರ ಡಬ್ಬ ಬಂತು. ಹಿಡಿಗೆ ಪತ್ರವಿರಲಿಲ್ಲ, ಚೀಟಿಯೂ ಇರಲಿಲ್ಲ. ದಾರವನ್ನು ಮಾತ್ರ ನೀನು ಗಂಟು ಹಾಕಿ ಬಿಟ್ಟಿದ್ದೆ. ಈ ಸಲ ಪರೀಕ್ಷೆ ಮಾಡಿಯೇ ಕೊಳವೆಗೆ ಬಿಟ್ಟೆ. ಅಂಟು ಇಲ್ಲ.

ಇವತ್ತು ಹದಿಮೂರನೆಯ ಸುತ್ತು, ತೊಂಬತ್ತನಾಲ್ಕು ಪಾಲು. ಸಮಿತಿ ಬರುವ ಹೊತ್ತಿಗೆ ಮೂವತ್ತು ದಾಟುತ್ತದೋ ಇಲ್ಲವೋ, ಒಂದೆರಡು ದಿನದ ಅಂತರ. ತಕ್ಕಡಿ ಮೇಡಂ, "ಇದು ಯಾವ ಎಣ್ಣೆ?" ಎಂದು ಕೇಳಿದರು. "ಅಕ್ಕ ಮಾಡಿದ್ದು" ಎಂದೆ. "ಮತ್ತೆ ಫೆಬ್ರವರಿಯದು?" ಎಂದರು. ಪುಸ್ತಕ ತೆರೆದು ಆ ದಿನದ ಅಂಕಿ ಬರೆಯತೊಡಗಿದೆ. ಅವರು ಪ್ರಶ್ನೆಯನ್ನು ವಾಪಸ್ ತೆಗೆದುಕೊಳ್ಳಲಿಲ್ಲ.

ನೀನು ಏನಾದರೂ ಬರಿ. ಬೈದಾದರೂ ಬರಿ.

ತಮ್ಮ


ಅಕ್ಟೋಬರ್ 12
ಮಿಲ್, ರಜೆಯ ದಿನ. ಮೇಜಿನ ಮೇಲೆ ಹನ್ನೊಂದು ಜಾಡಿ.

ತಮ್ಮ,

ಬೈಯಲು ಪುರುಸೊತ್ತಿರಲಿಲ್ಲ. ಜಾಡಿ ನೋಡುತ್ತಿದ್ದೆ.

ಮೊದಲನೆಯದಕ್ಕೆ ನೀರು ಹಾಕಿ ಕಲಕಿದಾಗ ಎಣ್ಣೆಯೆಲ್ಲ ಮಂಕಾಯಿತು. ನನ್ನ ಎಣ್ಣೆ, ಆಚೆಯ ಗೋಡೆ ಕಾಣುತ್ತಿದ್ದ ಎಣ್ಣೆ! ಕೆಟ್ಟಿತು ಅಂದುಕೊಂಡೆ. ಬೆಳಗ್ಗೆ ಬಂದು ನೋಡಿದರೆ ಮೇಲೆ ತಿಳಿ, ತಳದಲ್ಲಿ ಎರಡು ಬೆರಳು ಲೋಳೆ. ಇಷ್ಟು ವರ್ಷ ಅದು ಅಲ್ಲೇ ಇತ್ತು, ನನ್ನ ಕಣ್ಣ ಮುಂದೆಯೇ, ಕಾಣದೆ. ಕುರ್ಚಿ ಎಳೆದುಕೊಂಡು ಅದರ ಎದುರಿಗೇ ಕೂತೆ. ಫಿಟ್ಟರ್ ಬಂದು, "ಏನಮ್ಮಾ, ಜಾಡಿ ಮಾತಾಡ್ತಿದೆಯಾ?" ಅಂದ. "ಹ್ಞೂಂ ಕಣೋ, ನೀನು ಸ್ವಲ್ಪ ಸುಮ್ನಿರು" ಅಂದೆ. ಆಮೇಲೆ ಅವನೂ ಒಂದು ಕುರ್ಚಿ ತಂದ.

ಎರಡು ಚಮಚ ಬೇಡ, ಒಂದೂವರೆ ಸಾಕು. ಜೋರಾಗಿ ಕಲಕಿದರೆ ಬೆಣ್ಣೆಯ ಹಾಗಾಗಿ ಮೂರು ದಿನವಾದರೂ ಇಳಿಯುವುದಿಲ್ಲ. ತಣ್ಣೀರು ಹಾಕಿದರೆ ಅರ್ಧ ಅಂಟು ಮೇಲೆಯೇ ಉಳಿಯುತ್ತದೆ. ಎಲ್ಲವನ್ನೂ ಬರೆದಿಟ್ಟಿದ್ದೇನೆ, ರಸಾಯನ ಪುಸ್ತಕದ ಕೊನೆಯ ಖಾಲಿ ಹಾಳೆಗಳಲ್ಲಿ.

ಆ ಡಬ್ಬಕ್ಕೆ ಚೀಟಿ ಕಟ್ಟದೆ ಕಳಿಸಿದ್ದು ಮರೆತು ಅಲ್ಲ. ಬರೆಯಲು ಕೂತರೆ ಹಳೆಯ ಚೀಟಿಯೇ ಕಣ್ಣಿಗೆ ಬರುತ್ತಿತ್ತು. ಅಪ್ಪ ಇದ್ದಿದ್ದರೆ ಏನನ್ನುತ್ತಿದ್ದರು ಎಂದು ಒಂದು ತಿಂಗಳು ಯೋಚಿಸಿದೆ. ಏನೂ ಅನ್ನುತ್ತಿರಲಿಲ್ಲ. ಪೆನ್ನು ಕೈಗೆ ಕೊಟ್ಟು ಮತ್ತೆ ಬರೆಸುತ್ತಿದ್ದರು, ಅಷ್ಟೇ.

ಆದ್ದರಿಂದ ಹೇಳು. ಬೇಡ, ನೀನು ಹೇಳಬೇಡ. ನಿನ್ನ 'ಸರಿಯಿದೆ' ಗುರುತಿನ ವಿಷಯ ನೀನು ಹೇಳಿಕೋ, ಚೀಟಿಯ ವಿಷಯ ನಾನೇ ಹೇಳುತ್ತೇನೆ. ಈ ಪತ್ರ ಮಂಗಳವಾರದ ವ್ಯಾನಿನಲ್ಲಿ ಬರುತ್ತದೆ. ನಾನು ಶನಿವಾರದ ವ್ಯಾನಿನಲ್ಲಿ, ಡ್ರೈವರ್ ಪಕ್ಕದಲ್ಲಿ. ಮೂರನೆಯ ಟ್ಯಾಂಕಿನ ಎಣ್ಣೆಯನ್ನೂ ಒಂದು ಡಬ್ಬ ತರುತ್ತೇನೆ. ಸಮಿತಿಯವರು ಮೂಗಿಟ್ಟು ನೋಡಲಿ. ಆ ಇನ್ನೊಂದು ಮಿಲ್ಲಿನವರನ್ನೂ ಕರೆಸಲು ನಿನ್ನ ತಕ್ಕಡಿಗೆ ಹೇಳು. ಒಂದೂವರೆ ಚಮಚ ಎಂಬುದನ್ನು ಅವರಿಗೆ ಕೈಯಾರೆ ತೋರಿಸಬೇಕು. ನಿನ್ನ ಕೊಳವೆಯನ್ನು ಉಳಿಸುತ್ತಾರೋ ಎತ್ತುತ್ತಾರೋ, ಎತ್ತುವ ಮೊದಲು ನಾನೊಮ್ಮೆ ಅದು ಓಡುವುದನ್ನು ನೋಡಬೇಕು. ನನ್ನ ಹತ್ತಿರ ಇನ್ನೂ ಏಳು ಪ್ರಶ್ನೆಗಳಿವೆ.

ಡಬ್ಬ ತುಂಬಿಸಿ ಬಾಗಿಲ ಹತ್ತಿರ ಇಟ್ಟಿದ್ದೇನೆ. ಚೀಟಿ ಬರೆದಾಯಿತು: ಮೂರನೆಯ ಟ್ಯಾಂಕ್, ಅಪ್ಪ ಹಿಂಡಿಸಿದ ದಿನದ ತಾರೀಖು, ಅದರ ಕೆಳಗೆ 'ತಗಡು ಹಾರಿ ಮಳೆ ಬಿದ್ದಿದೆ' ಎಂದು, ಅದರ ಕೆಳಗೆ ನನ್ನ ಸಹಿ. ಮಸಿ ಆರುತ್ತಿದೆ. ಹಿಡಿಗೆ ಇನ್ನೂ ಕಟ್ಟಿಲ್ಲ.

ಅಕ್ಕ